ಕುಸಿತಕ್ಕೆ ಮುಂಚಿನ ಕ್ರಿಯಾಪದಗಳು: ಇಳಿಜಾರಿನ ಕಾವಲು ಮತ್ತು ಭಾಂಡುಪಿನ ಗುಡ್ಡ

೧

ಮುಂಬಯಿಯ ಪೂರ್ವ ಉಪನಗರವಾದ ಭಾಂಡುಪಿನಲ್ಲಿ ಎರಡು ಬಗೆಯ ನೆಲವನ್ನು ಕಾಣಬಹುದು. ರೈಲುಮಾರ್ಗದ ಪೂರ್ವಕ್ಕೆ ಠಾಣೆ ಖಾರಿಯತ್ತ ಇಳಿಯುವ ತಗ್ಗು. ಪಶ್ಚಿಮಕ್ಕೆ ವಿಹಾರ ಸರೋವರ ಹಾಗೂ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಕಡೆಗೆ ಏರುವ ಗುಡ್ಡಗಳು. ಈ ಗುಡ್ಡಗಳ ಮೂಲದ್ರವ್ಯ ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಹರಿದ ಲಾವಾದಿಂದ ರೂಪುಗೊಂಡ ದಖ್ಖನಿನ ಕಪ್ಪುಶಿಲೆ. ಶಿಲೆ ಗಟ್ಟಿಯಾದುದೇ ಆದರೂ ಅದರ ಮೈತುಂಬ ಬಿರುಕುಗಳಿವೆ. ಮೇಲ್ಪದರವು ಶಿಥಿಲಗೊಂಡು ಮಣ್ಣಾಗಿದೆ. ನಗರದಲ್ಲಿ ಬೇರೆಲ್ಲೂ ನೆಲೆ ದೊರೆಯದ ದುಡಿಯುವ ಜನ ಈ ಇಳಿಜಾರನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು ಮನೆ ಕಟ್ಟಿಕೊಂಡಿದ್ದಾರೆ. ಗುಡ್ಡದ ಪಾದವನ್ನು ಕಡಿದಂತೆಲ್ಲ ಮೇಲಿನ ಭಾರಕ್ಕೆ ಆಧಾರ ಕಡಿಮೆಯಾಗುತ್ತದೆ ಎಂಬುದು ಸಾಮಾನ್ಯ ಜ್ಞಾನ. ಬೇರೆ ದಾರಿಯಿಲ್ಲದಿರುವುದು ಸಾಮಾಜಿಕ ವಾಸ್ತವ.

೨೦೨೧ರ ಜುಲೈ ೧೮ರ ಮಳೆಯಲ್ಲಿ ಈ ವಾಸ್ತವ ಪ್ರಕಟಗೊಂಡಿತು. ಚೆಂಬೂರು, ವಿಕ್ರೋಲಿ ಮತ್ತು ಭಾಂಡುಪಿನಲ್ಲಿ ಗುಡ್ಡ ಮತ್ತು ಗೋಡೆಗಳು ಕುಸಿದು ಇಪ್ಪತ್ತೈದಕ್ಕೂ ಹೆಚ್ಚು ಜನ ಮಡಿದರು. ಇದು ಮೊದಲನೆಯದೇನೂ ಅಲ್ಲ. ೨೦೦೦ದ ಜುಲೈಯಲ್ಲಿ ಘಾಟ್‌ಕೋಪರಿನ ಗುಡ್ಡ ಜರಿದು ಅರವತ್ತಕ್ಕೂ ಹೆಚ್ಚು ಜನ ಸತ್ತಿದ್ದರು. ಸಾಂತಾಕ್ರೂಜಿನಲ್ಲಿ ೨೪ ಗಂಟೆಗಳಲ್ಲಿ ೯೪೪ ಮಿಲಿಮೀಟರ್ ಮಳೆ ಸುರಿದ ೨೦೦೫ರ ಜುಲೈ ೨೬ರಂದು ಸಾಕಿನಾಕಾದ ಗುಡ್ಡವೂ ಹತ್ತಾರು ಜೀವಗಳನ್ನು ಬಲಿ ತೆಗೆದುಕೊಂಡಿತು. ಇಂತಹ ಇಳಿಜಾರನ್ನು ಮುಂಚಿತವಾಗಿ ಕಾಯಲು ಸಾಧ್ಯವೇ, ಆ ಕಾವಲಿನಲ್ಲಿ ಭಾಷೆಯ ಪಾತ್ರವೇನು ಎಂಬುದು ಇಲ್ಲಿನ ವಿಚಾರ.

೨

ಇಳಿಜಾರಿನ ಕಾವಲು ಒಂದು ಶಾಸ್ತ್ರವಾಗಿ ಬೆಳೆದಿರುವುದು ಹೆಚ್ಚಾಗಿ ಎತ್ತರದ ಪರ್ವತ ಪ್ರದೇಶಗಳಲ್ಲಿ. ಆದುದರಿಂದ ಮೊದಲು ಅಲ್ಲಿನ ಅನುಭವವನ್ನು ಪರಿಶೀಲಿಸುವುದು ಯುಕ್ತ. ದೊಡ್ಡ ಬಂಡೆರಾಶಿಯೊಂದು ಸಾಮಾನ್ಯವಾಗಿ ಏಕಾಏಕಿ ಬೀಳುವುದಿಲ್ಲ; ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಅದು ಮಿಲಿಮೀಟರುಗಳ ಲೆಕ್ಕದಲ್ಲಿ ಸರಿಯುತ್ತಿರುತ್ತದೆ. ಬಿರುಕಿನ ಎರಡು ದಡಗಳಿಗೆ ತಂತಿ ಬಿಗಿದು ಅಗಲವನ್ನು ಅಳೆಯುವುದು, ಕೊಳವೆ ಇಳಿಸಿ ಒಳಪದರಗಳ ವಾಲುವಿಕೆಯನ್ನು ಗುರುತಿಸುವುದು, ಎದುರು ಬೆಟ್ಟದಿಂದ ರಾಡಾರ್ ಕಿರಣ ಹಾಯಿಸಿ ಇಡೀ ಮೈಯ ಚಲನೆಯನ್ನು ದಾಖಲಿಸುವುದು ಇದರ ವಿಧಾನಗಳು. ಚಲನೆಯ ವೇಗ ಏರತೊಡಗಿದರೆ ಅಪಾಯ ಸಮೀಪಿಸಿದೆ ಎಂದರ್ಥ. ವೇಗದ ವಿಲೋಮವನ್ನು ಕಾಲದೆದುರು ಗುರುತಿಸುತ್ತ ಹೋದರೆ ಆ ರೇಖೆ ಶೂನ್ಯವನ್ನು ಮುಟ್ಟುವ ಹೊತ್ತು ಕುಸಿತದ ಹೊತ್ತಿಗೆ ಹತ್ತಿರವಿರುತ್ತದೆ ಎಂಬುದನ್ನು ಜಪಾನಿನ ಫುಕುಜೋನೋ ೧೯೮೫ರಲ್ಲಿ ತೋರಿಸಿದರು.

ಆದರೆ ಅಳತೆಯೊಂದೇ ಜೀವ ಉಳಿಸುವುದಿಲ್ಲ ಎಂಬುದಕ್ಕೆ ಇಟಲಿಯ ವಾಯೋಂಟ್ ನಿದರ್ಶನ. ಅಲ್ಲಿನ ಜಲಾಶಯದ ಪಕ್ಕದ ಬೆಟ್ಟ ಸರಿಯುತ್ತಿರುವುದನ್ನು ೧೯೬೦ರಿಂದಲೇ ಅಳೆಯಲಾಗುತ್ತಿತ್ತು. ನೀರಿನ ಮಟ್ಟವನ್ನು ಏರಿಸಿ ಇಳಿಸಿ ಚಲನೆಯನ್ನು ಹತೋಟಿಯಲ್ಲಿಡಬಹುದೆಂದು ತಜ್ಞರು ನಂಬಿದ್ದರು. ೧೯೬೩ರ ಅಕ್ಟೋಬರ್ ೯ರ ರಾತ್ರಿ ಸುಮಾರು ೨೭ ಕೋಟಿ ಘನ ಮೀಟರ್ ಬಂಡೆ ಜಲಾಶಯಕ್ಕೆ ಜಾರಿತು. ಅಣೆಕಟ್ಟಿನ ಮೇಲೆ ಹಾಯ್ದ ಅಲೆಗೆ ಸುಮಾರು ೨೦೦೦ ಜನ ಬಲಿಯಾದರು. ಇದಕ್ಕೆ ಪ್ರತಿಯಾಗಿ ಸ್ವಿಟ್ಜರ್ಲೆಂಡಿನ ಬ್ರಿಯೆಂಟ್ಸ್ ಎಂಬ ಹಳ್ಳಿಯನ್ನು ಅಳತೆಯ ಸೂಚನೆಯಂತೆ ೨೦೨೩ರ ಮೇ ೧೨ರಂದು ತೆರವುಗೊಳಿಸಲಾಯಿತು. ಜೂನ್ ೧೫ರ ರಾತ್ರಿ ಹತ್ತು ಲಕ್ಷ ಘನ ಮೀಟರಿಗೂ ಮಿಕ್ಕ ಬಂಡೆ ಉರುಳಿ ಹಳ್ಳಿಯ ಅಂಚಿನಲ್ಲಿ ನಿಂತಿತು, ಯಾರಿಗೂ ಗಾಯವಾಗಲಿಲ್ಲ. ನಾರ್ವೆಯ ವೆಸ್ಲೆಮಾನ್ನೆನ್ ಎಂಬ ಬಂಡೆಯ ಕೆಳಗಿನ ಜನರಂತೂ ೨೦೧೪ರಿಂದ ಹದಿನಾರು ಸಲ ಮನೆ ಬಿಟ್ಟು ಹೊರಡಬೇಕಾಯಿತು. ಬಂಡೆ ಬಿದ್ದುದು ೨೦೧೯ರ ಸೆಪ್ಟೆಂಬರ್ ೫ರಂದು. ಹದಿನೈದು ಸಲ ಸುಳ್ಳಾದಂತೆ ತೋರಿದ ಎಚ್ಚರಿಕೆಯನ್ನು ಹದಿನಾರನೆಯ ಸಲವೂ ನಂಬಿದುದು ಅಲ್ಲಿನ ನಿಜವಾದ ಸಾಧನೆ.

೩

ಈ ವಿಧಾನವನ್ನು ಹಾಗೆಯೇ ಭಾಂಡುಪಿಗೆ ತರಲಾಗದು. ಅಲ್ಲಿ ಒಂದು ಬೃಹತ್ ಬಂಡೆ. ಇಲ್ಲಿ ನೂರಾರು ಸಣ್ಣ ಇಳಿಜಾರುಗಳು, ತಡೆಗೋಡೆಗಳು. ಅಲ್ಲಿ ಕುಸಿತದ ಪೂರ್ವರಂಗಕ್ಕೆ ತಿಂಗಳುಗಳು. ಇಲ್ಲಿ ಕೆಲವೇ ಗಂಟೆಗಳು. ಬಿರುಕುಗಳಿಗೆ ಇಳಿದ ನೀರು ಒಳಗಿನಿಂದ ಒತ್ತುತ್ತದೆ. ನೆನೆದ ಮಣ್ಣಿನ ತೂಕ ಹೆಚ್ಚುತ್ತದೆ, ಹಿಡಿತ ಸಡಿಲವಾಗುತ್ತದೆ. ಗೋಡೆಯ ನೀರುಗಂಡಿ ಕಟ್ಟಿಕೊಂಡಿದ್ದರೆ ಗೋಡೆಯೇ ಅಣೆಕಟ್ಟಾಗಿ ಪರಿಣಮಿಸುತ್ತದೆ. ಆದುದರಿಂದ ಇಲ್ಲಿ ಗುಡ್ಡದ ಚಲನೆಗಿಂತ ಮೊದಲು ಅಳೆಯಬೇಕಾದುದು ಮಳೆಯನ್ನು.

ಇದಕ್ಕೆ ಸಮೀಪದ ಮಾದರಿ ಆಲ್ಪ್ಸ್ ಅಲ್ಲ, ಹಾಂಗ್‌ಕಾಂಗ್. ಅದೂ ಕಡಲಂಚಿನ, ಗುಡ್ಡವೇರಿದ, ಬಿರುಮಳೆಯ ನಗರ. ೧೯೭೨ರ ಜೂನ್ ೧೮ರಂದು ಎರಡು ಇಳಿಜಾರುಗಳು ಕುಸಿದು ೧೩೮ ಜನ ಸತ್ತ ನಂತರ, ೧೯೭೬ರಲ್ಲಿ ಮತ್ತೊಂದು ದುರಂತ ಘಟಿಸಿದ ಮೇಲೆ, ೧೯೭೭ರಲ್ಲಿ ಅಲ್ಲಿ ಇಳಿಜಾರುಗಳಿಗಾಗಿಯೇ ಒಂದು ಕಚೇರಿಯೂ ಮಳೆಯ ಪ್ರಮಾಣವನ್ನು ಆಧರಿಸಿದ ಎಚ್ಚರಿಕೆಯ ಕ್ರಮವೂ ಆರಂಭವಾದವು. ಮನುಷ್ಯರು ಕಡಿದ ಸುಮಾರು ೬೦,೦೦೦ ಇಳಿಜಾರುಗಳಿಗೆ ಅಲ್ಲಿ ನೋಂದಣಿ ಸಂಖ್ಯೆಯುಂಟು. ಮುಂಬಯಿಯಲ್ಲಿಯೂ ೨೦೦೫ರ ಬಳಿಕ ಸ್ವಯಂಚಾಲಿತ ಮಳೆಮಾಪಕಗಳ ಜಾಲ ಹಬ್ಬಿದೆ. ಪ್ರತಿ ಮಳೆಗಾಲಕ್ಕೆ ಮುನ್ನ ಗುಡ್ಡದ ನಿವಾಸಿಗಳಿಗೆ ಮಹಾನಗರಪಾಲಿಕೆಯ ಎಚ್ಚರಿಕೆ ಪತ್ರ ತಲಪುತ್ತದೆ. ಆದರೆ ಮಳೆಗಾಲವಿಡೀ ಅನ್ವಯಿಸುವ ಎಚ್ಚರಿಕೆ ಯಾವ ಒಂದು ರಾತ್ರಿಗೂ ಅನ್ವಯಿಸುವುದಿಲ್ಲ. ಮನೆ ಬಿಟ್ಟರೆ ಅಂದಿನ ಕೂಲಿ ಹೋಗುವ ಕುಟುಂಬಕ್ಕೆ ಬೇಕಾದುದು ‘ಎಂದು’ ಹೊರಡಬೇಕೆಂಬ ನಿಖರವಾದ ಮಾತು, ತಂಗಲು ನಂಬಬಹುದಾದ ಒಂದು ಸೂರು.

೪

ಈ ನಿಖರತೆಯ ಪ್ರಶ್ನೆ ಭಾಷೆಯ ಪ್ರಶ್ನೆಯೂ ಹೌದು. ಪತ್ರಿಕೆ ಮತ್ತು ಆಡಳಿತದ ಕನ್ನಡದಲ್ಲಿ ಇಂದು ‘ಭೂಕುಸಿತ’ ಎಂಬ ಒಂದೇ ಪದ ಎಲ್ಲವನ್ನೂ ಹೊತ್ತುಕೊಂಡಿದೆ. ಆದರೆ ಕುಸಿತವೆಂಬುದು ಅಂತ್ಯದ ಹೆಸರು. ಭೂವಿಜ್ಞಾನವು ಬೀಳುವುದು, ಮಗುಚುವುದು, ಜಾರುವುದು, ಹರಿಯುವುದು ಎಂದು ಇಳಿಜಾರಿನ ಚಲನೆಗಳನ್ನು ವಿಂಗಡಿಸುತ್ತದೆ. ಕನ್ನಡದ ಆಡುಮಾತಿನಲ್ಲಿ ಈ ವಿವೇಕ ಮೊದಲಿನಿಂದಲೂ ಇದೆ. ಮಲೆನಾಡಿನಲ್ಲಿ ‘ಧರೆ’, ಕೊಡಗು ಹಾಗೂ ದಕ್ಷಿಣ ಕನ್ನಡದ ಕಡೆ ‘ಬರೆ’ ಜರಿಯುತ್ತದೆ, ಬಂಡೆ ಉರುಳುತ್ತದೆ, ಮರ ವಾಲುತ್ತದೆ, ನೆಲ ಬಿರಿಯುತ್ತದೆ, ಗೋಡೆ ಉಬ್ಬುತ್ತದೆ, ಮಣ್ಣು ಸರಿಯುತ್ತದೆ, ಒರತೆ ಕದಡುತ್ತದೆ. ಇವುಗಳಲ್ಲಿ ಬಿರಿ, ವಾಲು, ಉಬ್ಬು, ಸರಿ, ಕದಡು ಎಂಬ ಐದೂ ಕುಸಿತಕ್ಕೆ ಮುಂಚಿನ ಕ್ರಿಯೆಗಳು ಎಂಬುದು ಗಮನಾರ್ಹ. ಬಾಗಿಲು ಇದ್ದಕ್ಕಿದ್ದಂತೆ ಚೌಕಟ್ಟಿಗೆ ಸಿಕ್ಕಿಕೊಳ್ಳುವುದು, ಹಿತ್ತಲ ಗೋಡೆ ಹೊಟ್ಟೆ ಬಿಡುವುದು, ಸೋರುವ ನೀರು ಕೆಸರಾಗುವುದು, ಸದಾ ಸೋರುತ್ತಿದ್ದ ಗಂಡಿ ಮಳೆಯಲ್ಲೇ ನಿಂತುಹೋಗುವುದು: ಇವನ್ನು ಕಾಣಲು ರಾಡಾರ್ ಬೇಕಿಲ್ಲ. ಕಂಡುದನ್ನು ಹೇಳಲು ಪದ ಬೇಕು, ಕೇಳಿಸಿಕೊಳ್ಳಲು ಒಬ್ಬ ಅಧಿಕಾರಿ ಬೇಕು.

‘ಭೂಕುಸಿತದ ಸಂಭವವಿದೆ’ ಎಂಬ ವಾಕ್ಯದಲ್ಲಿ ನಿವಾಸಿಗೆ ಮಾಡಲು ಏನೂ ಇಲ್ಲ. ‘ಗೋಡೆ ಉಬ್ಬಿದರೆ, ನೆಲ ಬಿರಿದರೆ ಕೂಡಲೆ ಹೊರಗೆ ಬನ್ನಿ’ ಎಂಬ ವಾಕ್ಯ ಅವನನ್ನೇ ಕಾವಲುಗಾರನನ್ನಾಗಿಸುತ್ತದೆ. ಮುಂಬಯಿಯ ಗುಡ್ಡದ ವಸತಿಗಳಲ್ಲಿ ಇಂತಹ ವಾಕ್ಯ ಮರಾಠಿ, ಹಿಂದಿಗಳಂತೆಯೇ ಅಲ್ಲಿನ ಇತರ ಮನೆಮಾತುಗಳಲ್ಲಿಯೂ ಇರಬೇಕಾಗುತ್ತದೆ. ಅರ್ಧರಾತ್ರಿಯ ಎಚ್ಚರಿಕೆಯನ್ನು ಯಾರೂ ಮನಸ್ಸಿನಲ್ಲಿ ಅನುವಾದಿಸಿಕೊಳ್ಳಲಾರರು. ೨೦೨೪ರ ಜುಲೈ ೧೬ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಜರಿದ ಮೇಲಂತೂ ಈ ಮಾತು ಕನ್ನಡ ನಾಡಿನೊಳಗೂ ಅಷ್ಟೇ ಅನ್ವಯ.

ಇಳಿಜಾರುಗಳ ಪಟ್ಟಿ ಮಾಡುವುದು ಭೂವಿಜ್ಞಾನಿಯ ಕೆಲಸ, ಮಳೆಯ ಲೆಕ್ಕ ಹವಾಮಾನ ಶಾಸ್ತ್ರಜ್ಞನದು. ಇಳಿಜಾರಿನಲ್ಲಿ ಬದುಕುವವರ ನಾಲಿಗೆಯ ಮೇಲಿರುವ ಕ್ರಿಯಾಪದಗಳನ್ನು ಕಲೆಹಾಕಿ, ಅವುಗಳಿಂದ ಎಚ್ಚರಿಕೆಯ ಭಾಷೆಯನ್ನು ರೂಪಿಸುವುದು ಭಾಷಾ ವಿದ್ಯಾರ್ಥಿಯ ಪಾಲಿಗೆ ಉಳಿಯುತ್ತದೆ. ಕ್ಷೇತ್ರಕಾರ್ಯಕ್ಕೆ ದೂರ ಹೋಗಬೇಕಾದುದಿಲ್ಲ. ಭಾಂಡುಪ್ ನಿಲ್ದಾಣದಲ್ಲಿ ಪಶ್ಚಿಮಕ್ಕಿಳಿದು ಗುಡ್ಡದ ಕಡೆಗೆ ನಡೆದರೆ ಸಾಕು.