ಹಿತ್ತಲಿನ ಜೇನು ಮತ್ತು ಕೋಳಿ

ಮಲೆನಾಡಿನ ಸಣ್ಣ ಹಿಡುವಳಿದಾರನ ಹಿತ್ತಲಿನಲ್ಲಿ ಎರಡು ಜೇನುಪೆಟ್ಟಿಗೆಗಳೂ ಹತ್ತು ನಾಟಿಕೋಳಿಗಳೂ ಇದ್ದರೆ ಅದು ದೊಡ್ಡ ವರಮಾನವಲ್ಲದಿದ್ದರೂ ಕೈಖರ್ಚಿಗೆ ಒದಗತಕ್ಕದ್ದು.

ಜೇನುಗಳಲ್ಲಿ ಪೆಟ್ಟಿಗೆಗೆ ಒಗ್ಗುವ ನಮ್ಮ ನಾಡಿನ ಹುಳು ತುಡುವೆ. ಹೆಜ್ಜೇನು, ಕೋಲುಜೇನುಗಳು ಬಯಲಿನಲ್ಲಿ ಒಂದೇ ಎರಿಯನ್ನು ಕಟ್ಟುವುವು, ಅವನ್ನು ಕೂಡಿಹಾಕಲಾಗದು. ತುಡುವೆಯಾದರೋ ಪೊಟರೆಯ ಕತ್ತಲೆಯಲ್ಲಿ ಸಾಲಾಗಿ ಹಲವು ಎರಿಗಳನ್ನು ಕಟ್ಟುವುದರಿಂದ ಪೆಟ್ಟಿಗೆಯೂ ಅದಕ್ಕೊಂದು ಪೊಟರೆಯೇ.

ಕೋಳಿಯೂ ಜೇನೂ ಒಂದೇ ಹಿತ್ತಲಿನಲ್ಲಿ ಬಾಳಬಲ್ಲವೇ ಎಂದು ಕೇಳುವವರುಂಟು. ಧಾರಾಳವಾಗಿ ಬಾಳಬಲ್ಲವು. ಮೇಣದ ಪತಂಗದ ಹುಳು ಹತ್ತಿದ ಹಳೆಯ ಎರಿಯನ್ನು ಎಸೆದರೆ ಕೋಳಿಗಳು ಆರಿಸಿ ತಿನ್ನುತ್ತವೆ. ಆದರೆ ಇರುವೆಗಳನ್ನು ತಡೆಯಲು ಪೆಟ್ಟಿಗೆಯ ಕಾಲುಗಳನ್ನು ನೀರಿನ ಬಟ್ಟಲುಗಳಲ್ಲಿ ನಿಲ್ಲಿಸುವುದಷ್ಟೆ. ಕೋಳಿ ಕೆದರಿದ ತರಗೆಲೆ ಅದರಲ್ಲಿ ಬಿದ್ದರೆ ಇರುವೆಗೆ ಅದೇ ಸೇತುವೆ. ಆದುದರಿಂದ ಪೆಟ್ಟಿಗೆಯ ಸುತ್ತ ಒಂದು ತಡಿಕೆ ಕಟ್ಟುವುದು ಲೇಸು.

ನಿಜವಾದ ಭಯವು ರೋಗದ್ದು. ಕೋಳಿಗಳಿಗೆ ಬರುವ ಕೊಕ್ಕರೆ ರೋಗವು ವೈರಸ್ಸಿನಿಂದ ಹುಟ್ಟತಕ್ಕದ್ದು. ಬಂದ ಮೇಲೆ ಮದ್ದಿಲ್ಲ, ಹಿತ್ತಲೇ ಬರಿದಾಗುವುದುಂಟು. ಆದರೆ ಲಸಿಕೆಯಿದೆ. ಮರಿಗೆ ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಒಂದು ಹನಿ, ಆರರಿಂದ ಎಂಟು ವಾರಗಳ ಪ್ರಾಯದಲ್ಲಿ ಒಂದು ಚುಚ್ಚುಮದ್ದು. ಇಷ್ಟನ್ನು ಮಾಡದೆ ಕೋಳಿ ಸತ್ತಾಗ ದೃಷ್ಟಿಯನ್ನು ದೂರುವುದು ತರವಲ್ಲ.

ಜೇನಿಗೆ ಈ ಭಾಗ್ಯವಿಲ್ಲ. 1991-92ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗವು ದಕ್ಷಿಣ ಭಾರತಕ್ಕೆ ಹಬ್ಬಿ, ಸಾಕಿದ ತುಡುವೆ ಕುಟುಂಬಗಳಲ್ಲಿ ಬಹುಪಾಲನ್ನು ನಿರ್ನಾಮ ಮಾಡಿತು. ರೋಗ ಹಿಡಿದ ಮರಿಹುಳುವು ಕೋಶವಾಗುವ ಮುನ್ನವೇ ಸತ್ತು, ಕಡ್ಡಿಯಿಂದ ಎತ್ತಿದರೆ ನೀರು ತುಂಬಿದ ಸಣ್ಣ ಚೀಲದಂತೆ ಹೊರಬರುತ್ತದೆ. ಇದನ್ನು ಕಂಡೊಡನೆ ರಾಣಿಯನ್ನು ಕೆಲವು ದಿನ ಪಂಜರದಲ್ಲಿಟ್ಟು ಮೊಟ್ಟೆಯಿಡದಂತೆ ತಡೆಯುವರು. ಹೊಸ ಮರಿಗಳಿಲ್ಲದ ಆ ಬಿಡುವಿನಲ್ಲಿ ಕೆಲಸಗಾರ ಹುಳುಗಳು ಕೋಣೆಗಳನ್ನು ಶುಚಿಮಾಡಿಕೊಳ್ಳುತ್ತವೆ. ರೋಗದ ಪೆಟ್ಟಿಗೆಯ ಎರಿಯನ್ನಾಗಲಿ ಜೇನನ್ನಾಗಲಿ ಇನ್ನೊಂದಕ್ಕೆ ಕೊಡಲೇಬಾರದು. ದೂರದೂರಿನಿಂದ ಕುಟುಂಬಗಳನ್ನು ತರುವುದಕ್ಕಿಂತ, ರೋಗವನ್ನು ತಾಳಿ ಉಳಿದ ಹತ್ತಿರದ ಕುಟುಂಬವನ್ನೇ ಪಾಲುಮಾಡಿ ಬೆಳೆಸುವುದು ನನ್ನ ಮಟ್ಟಿಗೆ ಜಾಣತನ.

ಮಳೆಗಾಲದಲ್ಲಿ ಹೂವು ಕಡಮೆ, ಹುಳು ಹೊರಗೆ ಹೋಗದು. ಬೇಸಗೆಯಲ್ಲಿ ಜೇನನ್ನು ಪೂರ್ತಿ ಹಿಂಡಿಕೊಂಡವನ ಪೆಟ್ಟಿಗೆಯಲ್ಲಿ ಆಗ ಹಸಿವು. ಸಕ್ಕರೆಯನ್ನು ಸಮಪ್ರಮಾಣದ ನೀರಿನಲ್ಲಿ ಕರಗಿಸಿ, ಅನ್ಯ ಕುಟುಂಬದ ಹುಳುಗಳು ದೋಚದಂತೆ, ಕೋಳಿಗಳು ಗೂಡು ಸೇರಿದ ಮೇಲೆ ಮುಸ್ಸಂಜೆಯಲ್ಲಿ ಪೆಟ್ಟಿಗೆಯ ಒಳಗಿಡಬೇಕು.