ರಸ್ತೆಬದಿಯ ಹಿಪ್ಟಿಸ್: ಗುರುತಿಸುವ ಬಗೆ

ನಂಜನಗೂಡು, ಚಿಕ್ಕಯ್ಯನಛತ್ರ, ತಿ. ನರಸೀಪುರ ಕಡೆಯ ರಸ್ತೆಬದಿ ಹಾಗೂ ಬೀಳುಗಳಲ್ಲಿ ತುಳಸಿಯಂತೆ ಕಾಣುವ, ಎಲೆ ಹಿಸುಕಿದರೆ ಘಾಟು ಪರಿಮಳ ಬೀರುವ ಗಿಡವನ್ನು ರೈತರು ನೋಡಿರಬಹುದು. ಇದು ಉಷ್ಣವಲಯದ ಅಮೆರಿಕದಿಂದ ಬಂದ ಹಿಪ್ಟಿಸ್ ಸುವಾವಿಯೋಲೆನ್ಸ್. ತುಳಸಿಯ ಕುಟುಂಬಕ್ಕೇ ಸೇರಿದ್ದು. ಸಾಮಾನ್ಯವಾಗಿ ಏಕವಾರ್ಷಿಕ, ತೇವವಿದ್ದಲ್ಲಿ ಬಹುವಾರ್ಷಿಕವಾಗಿಯೂ ಉಳಿಯುತ್ತದೆ. ಕೆಲವರು ಇದನ್ನು ನಾಯಿತುಳಸಿ ಎನ್ನುತ್ತಾರೆ. ಆ ಹೆಸರು ಬೇರೊಂದು ಗಿಡಕ್ಕೂ ಇರುವುದರಿಂದ ಹೆಸರಿಗಿಂತ ಗುರುತೇ ಮುಖ್ಯ.

ಇದರ ಬೀಜವೂ ನೀರಿನಲ್ಲಿ ಉಬ್ಬಿ ಲೋಳೆಯಾಗುವುದರಿಂದ ಕಾಮಕಸ್ತೂರಿಯೆಂದು ಮೋಸಹೋಗುವ ಸಂಭವವುಂಟು. ವ್ಯತ್ಯಾಸಗಳು ಹೀಗಿವೆ:

1. ಹೂ: ಹಿಪ್ಟಿಸ್‌ನಲ್ಲಿ ನಸುನೀಲಿ ಹೂಗಳು ಎಲೆಗಳ ಕಂಕುಳಲ್ಲಿ ಗೊಂಚಲಾಗಿರುತ್ತವೆ. ಕಾಮಕಸ್ತೂರಿಯಲ್ಲಿ ರೆಂಬೆಯ ತುದಿಗೆ ತೆನೆ ಬರುತ್ತದೆ.
2. ಹೂವಿನ ಬಟ್ಟಲು: ಹಿಪ್ಟಿಸ್‌ನಲ್ಲಿ ಮುಳ್ಳಿನಂಥ 5 ಹಲ್ಲುಗಳು. ಕಾಮಕಸ್ತೂರಿಯಲ್ಲಿ ಮೇಲಿನ ಎಸಳು ಅಗಲ, ದುಂಡು.
3. ಬೀಜ: ಹಿಪ್ಟಿಸ್‌ನ ಬಟ್ಟಲಲ್ಲಿ ಸಾಮಾನ್ಯವಾಗಿ 2 ಚಪ್ಪಟೆ ಬೀಜ. ಕಾಮಕಸ್ತೂರಿಯಲ್ಲಿ 4.

ಹತೋಟಿ: ದನಕರುಗಳು ಇದನ್ನು ಸಾಮಾನ್ಯವಾಗಿ ಮೇಯುವುದಿಲ್ಲ, ದಟ್ಟವಾಗಿ ಹಬ್ಬಿದರೆ ಗೋಮಾಳದ ಹುಲ್ಲು ಕುಗ್ಗುತ್ತದೆ. ಬೀಜದಿಂದ ಹರಡುವ ಕಳೆಯಾದ್ದರಿಂದ ಮಳೆ ಬಿದ್ದು ಮಣ್ಣು ಹದವಾಗಿರುವಾಗ, ಹೂ ಬಿಡುವ ಮುನ್ನವೇ ಬೇರುಸಹಿತ ಕೀಳಬೇಕು. ಬೀಜ ಕಟ್ಟಿದ ಗಿಡಗಳನ್ನು ತಿಪ್ಪೆಗೆ ಹಾಕಕೂಡದು. ಹಾಕಿದರೆ ಗೊಬ್ಬರದೊಡನೆ ಕಳೆಯೂ ಹೊಲ ಸೇರೀತು.