ಮೆಣಸಿನಕಾಯಿಯ ಬಣ್ಣ ತುಟಿಗೇರುವ ಮುನ್ನ

ಬ್ಯಾಡಗಿ ಮೆಣಸಿನಕಾಯಿಯ ಬಣ್ಣ ಲಿಪ್‌ಸ್ಟಿಕ್‌ಗೂ ನೇಲ್ ಪಾಲಿಶ್‌ಗೂ ಹೋಗುತ್ತದೆ ಎಂಬ ಮಾತು ಹಾವೇರಿ ಜಿಲ್ಲೆಯಲ್ಲಿ ಯಾರ ಬಾಯಲ್ಲಾದರೂ ಕೇಳಸಿಗುತ್ತದೆ. ಒಂದು ಟನ್ ಒಣಕಾಯಿಂದ ಸುಮಾರು 50 ಲೀಟರ್ ಓಲಿಯೋರೆಸಿನ್ ತೆಗೆಯಬಹುದು. ಆ ಕಡುಗೆಂಪು, ಅಂಟಂಟಾದ ಎಣ್ಣೆಯಲ್ಲೇ ಬಣ್ಣವೆಲ್ಲ ಇರುವುದು. ಅದನ್ನು ತುಟಿಗೆ ಹಚ್ಚುವ ಬಾಮ್ ಆಗಿಸುವ ಕೆಲಸವನ್ನು ರಾಣೆಬೆನ್ನೂರಿನಲ್ಲಿ ಕೂತು ಮಾಡುತ್ತ ನನಗೆ ಖಾತ್ರಿಯಾದ ಸಂಗತಿ ಒಂದಿದೆ: ಮೊದಲ ಟ್ಯೂಬಿನಲ್ಲಿ ಏನಿತ್ತೋ ಹತ್ತು ಸಾವಿರನೇ ಟ್ಯೂಬಿನಲ್ಲೂ ಅದೇ ಇರಬೇಕು. ಕೆಳಗಿನ ಪಾಠಗಳೆಲ್ಲ ಅದಕ್ಕಾಗಿಯೇ.

1. ಮೊದಲು ಬಳಕೆ ನಿಶ್ಚಯಿಸಿ

ಈ ಬಣ್ಣ ಎಣ್ಣೆಯಲ್ಲಿ ಕರಗುತ್ತದೆ, ನೀರಿನಲ್ಲಿ ಕರಗದು. ಹಾಗಾಗಿ ಜೆಲ್, ಟೋನರ್‌ಗಳಿಗಿಂತ ಮೇಣ ಮತ್ತು ಎಣ್ಣೆಯ ಬಾಮ್‌ಗೆ ಸಲೀಸಾಗಿ ಒಗ್ಗುತ್ತದೆ. ಇನ್ನೊಂದು ಮಾತು, ಒಣಕಾಯಿಯ ಕಡುಗೆಂಪು ತುಟಿಯ ಮೇಲೆ ಬರುವುದಿಲ್ಲ. ಎಣ್ಣೆಯಲ್ಲಿ ತೆಳುವಾದಂತೆ ಅದು ಕಿತ್ತಳೆಗೆಂಪಿಗೆ ತಿರುಗುತ್ತದೆ. ಗ್ರಾಹಕರಿಗೆ ಆ ಬಣ್ಣವನ್ನೇ ತೋರಿಸಿ, ಅದನ್ನೇ ಮಾರಿ. ತುಟಿಗೆ ಹಚ್ಚಿದ್ದು ಹೊಟ್ಟೆಗೂ ಹೋಗುತ್ತದೆ. ಆದ್ದರಿಂದ ಶುದ್ಧತೆಯ ಅಳತೆ ಆಹಾರದ್ದೇ ಇರಲಿ.

2. ಕಣ್ಣಿನ ಜೊತೆಗೆ ಲ್ಯಾಬ್ ವರದಿಯೂ ಬೇಕು

ಬ್ಯಾಡಗಿ ಎಪಿಎಂಸಿಯಲ್ಲಿ ಸೋಮವಾರ, ಗುರುವಾರ ಟೆಂಡರ್. ನುರಿತ ಖರೀದಿದಾರರು ಕಾಯಿ ಮುರಿದು ಒಳಮೈ ನೋಡುತ್ತಾರೆ, ಮೂಸುತ್ತಾರೆ, ಬೀಜದ ಸದ್ದು ಕೇಳುತ್ತಾರೆ. ಡಬ್ಬಿ ಕಾಯಿ ದುಂಡಗೆ, ಬಣ್ಣ ಹೆಚ್ಚು, ಖಾರ ಕಡಿಮೆ. ಕಡ್ಡಿ ಕಾಯಿ ಉದ್ದ, ಸುಕ್ಕು, ಖಾರ ತುಸು ಮುಂದು. ಓಲಿಯೋರೆಸಿನ್‌ಗೆ ಡಬ್ಬಿ ಹೆಚ್ಚು ಹೊಂದುತ್ತದೆ. ಆದರೆ ಡಬ್ಬಿಯಲ್ಲೂ ಒಂದು ಲಾಟ್ ಇದ್ದಂತೆ ಇನ್ನೊಂದು ಇರುವುದಿಲ್ಲ. ಪುಡಿಯ ಬಣ್ಣವನ್ನು ಅಸಿಟೋನ್‌ನಲ್ಲಿ ಇಳಿಸಿ, 460 ನ್ಯಾನೋಮೀಟರ್ ಬೆಳಕಿನಲ್ಲಿ ಅಳೆದು ಕೊಡುವ ಅಂಕಿಗೆ ಆಸ್ಟಾ ಎನ್ನುತ್ತಾರೆ. ಪ್ರತಿ ಲಾಟ್‌ಗೂ ಆ ಅಂಕಿ ಬರೆದಿಡಿ.

ಇದಕ್ಕಿಂತ ಮುಖ್ಯವಾದದ್ದು ಕೀಟನಾಶಕದ ಶೇಷ. ಒಂದು ಟನ್ ಕಾಯಿ ಸುಮಾರು 50 ಲೀಟರ್ ಎಣ್ಣೆಯಾಗಿ ಇಳಿಯುವಾಗ, ಎಣ್ಣೆಯಲ್ಲಿ ಕರಗುವ ಔಷಧಿಯೂ ಜೊತೆಗೇ ಇಳಿದು ಸಾಂದ್ರವಾಗುತ್ತದೆ. ಕಾಯಿಯಲ್ಲಿ ಅಲ್ಪ ಎನಿಸಿದ್ದು ಎಣ್ಣೆಯಲ್ಲಿ ಅಲ್ಪವಾಗಿ ಉಳಿಯುವುದಿಲ್ಲ. ಮುಗ್ಗು ಹಿಡಿದ ಕಾಯನ್ನಂತೂ ಒಳಗೇ ಬಿಟ್ಟುಕೊಳ್ಳಬೇಡಿ. ಅಫ್ಲಾಟಾಕ್ಸಿನ್ ಎಂಬ ವಿಷ ಬರುವುದು ಅಲ್ಲಿಂದ.

3. ಖಾರ ತೆಗೆಯುವುದೇ ಅರ್ಧ ಕೆಲಸ

ತೊಟ್ಟು ಬಿಡಿಸುವ ಹೆಣ್ಣುಮಕ್ಕಳ ಬೆರಳು ನೋಡಿದರೆ ಈ ಪಾಠ ಬೇಗ ತಲೆಗೆ ಹೋಗುತ್ತದೆ. ಉರಿಯುವ ಕೈಗೆ ಬರೀ ನೀರು ಹಾಕಿದರೆ ಉರಿ ಆರದು. ಮೊದಲು ಎಣ್ಣೆ ತಿಕ್ಕಿ, ಆಮೇಲೆ ಸೋಪು ಹಚ್ಚಿ ತೊಳೆಯಬೇಕು. ಖಾರದ ಕ್ಯಾಪ್ಸೈಸಿನ್ ಎಣ್ಣೆಗೆ ಒಲಿಯುವ ವಸ್ತು. ಕೆಂಪಿನ ಕ್ಯಾಪ್ಸಾಂಥಿನ್ ಕೂಡ ಅಂಥದ್ದೇ. ಅದಕ್ಕೇ ಎರಡೂ ಒಟ್ಟಿಗೇ ಇಳಿಯುತ್ತವೆ.

ಬೇರ್ಪಡಿಸುವ ಕೆಲಸ ಕಾಯಿಂದಲೇ ಶುರುವಾಗಲಿ. ಖಾರ ಹೆಚ್ಚಿರುವುದು ಬೀಜ ಅಂಟಿಕೊಂಡ ಒಳಗಿನ ಬಿಳಿ ತಿರುಳಿನಲ್ಲಿ, ಬಣ್ಣ ಇರುವುದು ಸಿಪ್ಪೆಯಲ್ಲಿ. ತಿರುಳು, ಬೀಜ ತೆಗೆದು ಸಿಪ್ಪೆಯನ್ನಷ್ಟೇ ಬಳಸಿದರೆ ಅಲ್ಲೇ ಖಾರ ಇಳಿಯುತ್ತದೆ. ಮುಂದೆ, ನೀರು ಬೆರೆಸಿದ ಆಲ್ಕೊಹಾಲ್‌ನಿಂದ ಎಣ್ಣೆಯನ್ನು ತೊಳೆದರೆ ಕ್ಯಾಪ್ಸೈಸಿನ್ ಆಲ್ಕೊಹಾಲ್‌ಗೆ ಹೋಗಿ ಬಣ್ಣ ಎಣ್ಣೆಯಲ್ಲೇ ಉಳಿಯುತ್ತದೆ. ಉಳಿದ ಖಾರವನ್ನು ಎಚ್‌ಪಿಎಲ್‌ಸಿ ಯಂತ್ರದಲ್ಲಿ ಅಳೆಸಿ, ನಾಲಿಗೆಯ ರುಚಿಯನ್ನು ನಂಬಬೇಡಿ. ಹೆಕ್ಸೇನ್‌ನಂಥ ದ್ರಾವಕ ಬಳಸಿದ ಎಣ್ಣೆಯಾದರೆ ಅದರ ಶೇಷದ ವರದಿಯನ್ನೂ ಕೇಳಿ ಪಡೆಯಿರಿ.

4. ಬೆಳಕು, ಗಾಳಿ, ಏಪ್ರಿಲ್ ಬಿಸಿಲು

ಈ ಬಣ್ಣಕ್ಕೆ ಬೆಳಕೂ ಆಮ್ಲಜನಕವೂ ಬಿಸಿಯೂ ಶತ್ರುಗಳು. ಬ್ಯಾಡಗಿ ಸುತ್ತ ಇಷ್ಟೊಂದು ಕೋಲ್ಡ್ ಸ್ಟೋರೇಜ್ ಇರುವುದಕ್ಕೆ ಬಣ್ಣ ಕಾಯ್ದುಕೊಳ್ಳುವ ಅಗತ್ಯವೂ ಒಂದು ಕಾರಣ. ಬಾಮ್‌ನಲ್ಲಿ ವಿಟಮಿನ್ ಇ ಅಥವಾ ರೋಸ್‌ಮೇರಿ ಸಾರ ಸೇರಿಸಿ, ಒಳಗಿನದು ಕಾಣದ ಟ್ಯೂಬಿನಲ್ಲಿ ತುಂಬಿ. ಪಾರದರ್ಶಕ ಟ್ಯೂಬು ಅಂಗಡಿಯಲ್ಲಿ ಚಂದ, ಆದರೆ ಬಣ್ಣ ಬಿಳಿಚುವುದೂ ಅದರಲ್ಲೇ. ಒಂದು ಮಾದರಿಯನ್ನು 40 ಡಿಗ್ರಿ ಓವನ್‌ನಲ್ಲಿ, ಒಂದನ್ನು ಕಿಟಕಿಯ ಬಳಿ, ಒಂದನ್ನು ಕತ್ತಲಲ್ಲಿ ಇಟ್ಟು, ಗೊತ್ತುಪಡಿಸಿದ ದಿನಗಳಂದು ಮೂರನ್ನೂ ಅಳೆಯಿರಿ. ಲೇಬಲ್ ಮೇಲಿನ ಅವಧಿ ಅದರಿಂದಲೇ ಹುಟ್ಟಬೇಕು.

5. ದೊಡ್ಡ ಪಾತ್ರೆಯ ಗುಣವೇ ಬೇರೆ

ಬೀಕರ್‌ನಲ್ಲಿ ಬಿಸಿ ಮಾಡಿದ್ದು ಬೇಗ ಆರುತ್ತದೆ. 50 ಕಿಲೋ ಹಿಡಿಯುವ ಪಾತ್ರೆ ಗಂಟೆಗಟ್ಟಲೆ ಬಿಸಿಯಲ್ಲೇ ಇರುತ್ತದೆ. ಅಷ್ಟು ಹೊತ್ತೂ ಬಣ್ಣ ಕುಗ್ಗುತ್ತಿರುತ್ತದೆ. ಜೇನುಮೇಣ ಕರಗುವುದು 62ರಿಂದ 64 ಡಿಗ್ರಿಯ ಸುಮಾರಿಗೆ. ಮೇಣ, ಎಣ್ಣೆ ಕರಗಿ ಒಂದಾಗಿ, ಬಿಸಿ ಇಳಿಯತೊಡಗಿದ ಮೇಲೆ ಕೊನೆಯಲ್ಲಿ ಓಲಿಯೋರೆಸಿನ್ ಸೇರಿಸಿ.

6. ಕಾಗದಪತ್ರ ಕೊನೆಗೆ ಬೇಡ

ನಮ್ಮಲ್ಲಿ ಈಗ ನಡೆಯುವುದು 2020ರ ಸೌಂದರ್ಯವರ್ಧಕ ನಿಯಮಗಳು. ತಯಾರಿಕೆಗೆ ರಾಜ್ಯದ ಪರವಾನಗಿ ಬೇಕು. ಬಣ್ಣಗಳ ಪಟ್ಟಿ ಭಾರತೀಯ ಮಾನಕ ಬ್ಯೂರೋ, ಅಂದರೆ ಬಿಐಎಸ್‌ನ ಐಎಸ್ 4707ರ ಮೊದಲ ಭಾಗದಲ್ಲಿದೆ. ಬಣ್ಣದಲ್ಲಿ ಸೀಸ 20 ಪಿಪಿಎಂ, ಆರ್ಸೆನಿಕ್ 2 ಪಿಪಿಎಂ ಮೀರಬಾರದು. 2014ರಿಂದ ಸೌಂದರ್ಯವರ್ಧಕಗಳ ಪರೀಕ್ಷೆಗೆ ಪ್ರಾಣಿಗಳನ್ನು ಬಳಸುವಂತಿಲ್ಲ. ಚರ್ಮದ ಉರಿಯನ್ನು ಒಪ್ಪಿಗೆ ಕೊಟ್ಟ ಜನರ ಮೇಲೆ, ತಜ್ಞರ ಎದುರು, ಪ್ಯಾಚ್ ಹಾಕಿ ನೋಡಬೇಕು. ಮೆಣಸಿನಕಾಯಿಯ ವಸ್ತುವಿಗೆ ಈ ಪರೀಕ್ಷೆಯಲ್ಲಿ ಯಾವ ರಿಯಾಯಿತಿಯೂ ಸಲ್ಲದು. ಒಡೆದ ತುಟಿ ವಾಸಿಮಾಡುತ್ತದೆ ಎಂದು ಬರೆದರೆ ನಿಮ್ಮ ಬಾಮ್ ಔಷಧಿಯ ಕಾನೂನಿನೊಳಗೆ ಹೋಗಿ ಬೀಳುತ್ತದೆ.

ರಫ್ತಿನ ಆಸೆಯಿದ್ದರೆ ದೇಶ ನೋಡಿ ಹೆಜ್ಜೆಯಿಡಿ. ಯುರೋಪ್ ಒಕ್ಕೂಟದ ಸೌಂದರ್ಯವರ್ಧಕ ಬಣ್ಣಗಳ ಪಟ್ಟಿಯಲ್ಲಿ ಕ್ಯಾಪ್ಸಾಂಥಿನ್ ಇದೆ. ಅಮೆರಿಕದ ಎಫ್‌ಡಿಎ ಇದೇ ಓಲಿಯೋರೆಸಿನ್ ಅನ್ನು ಆಹಾರದ ಬಣ್ಣವಾಗಿ ಒಪ್ಪಿದೆ, ಸೌಂದರ್ಯವರ್ಧಕದ ಬಣ್ಣವಾಗಿ ಒಪ್ಪಿಲ್ಲ.

7. ಊರಿನ ಹೆಸರು ಬಳಸಿದರೆ ಊರಿಗೆ ಪಾಲು ಕೊಡಿ

ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಸಿಕ್ಕಿತು. ಟ್ಯೂಬಿನ ಮೇಲೆ ಆ ಹೆಸರು ಹಾಕುವುದಾದರೆ ಕಾಯಿ ಆ ಸೀಮೆಯದ್ದೇ ಎಂಬ ದಾಖಲೆ ಕೈಯಲ್ಲಿರಲಿ. 2024ರ ಮಾರ್ಚ್ 11ರಂದು ಬೆಲೆ ಕುಸಿದು ಬ್ಯಾಡಗಿ ಮಾರುಕಟ್ಟೆಯಲ್ಲಿ ರೈತರ ಸಿಟ್ಟು ಬೆಂಕಿಯಾಗಿ ಹೊತ್ತಿದ್ದನ್ನು ಈ ಭಾಗದವರು ಯಾರೂ ಮರೆತಿಲ್ಲ. ಎಣ್ಣೆ ತೆಗೆಯುವವರಿಗೂ ಬಾಮ್ ಮಾಡುವವರಿಗೂ ಲಾಭ ಬಂದು ಬೆಳೆದವರಿಗೆ ಬಾರದಿದ್ದರೆ, ಮುಂದಿನ ವರ್ಷ ಅದೇ ಗುಣದ ಕಾಯಿ ಸಿಗುವ ಭರವಸೆಯೂ ಇಲ್ಲ.

ಹಾಗಾಗಿ ಬಿತ್ತನೆಗೆ ಮೊದಲೇ ಕೆಲವು ರೈತರ ಜೊತೆ ಕೂತು ಮಾತಾಡಿ: ಯಾವ ತಳಿ, ಯಾವ ಔಷಧಿ ಬೇಡ, ಹೇಗೆ ಒಣಗಿಸಬೇಕು, ಎಷ್ಟು ಆಸ್ಟಾಕ್ಕೆ ಎಷ್ಟು ಹೆಚ್ಚಿನ ದರ. ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದವರ ಸಲಹೆಯನ್ನೂ ಕೇಳಿ. ಒಪ್ಪಿದ ದರವನ್ನು ಬರೆದುಕೊಡಿ, ಮಾರುಕಟ್ಟೆ ಬಿದ್ದ ವರ್ಷವೂ ಅದನ್ನೇ ಕೊಡಿ. ಟ್ಯೂಬಿನೊಳಗಿನ ಬಣ್ಣ ವರ್ಷವರ್ಷವೂ ಒಂದೇ ಇರಬೇಕೆಂದರೆ ಹೊಲದಲ್ಲಿ ಕೊಟ್ಟ ಮಾತೂ ವರ್ಷವರ್ಷ ಒಂದೇ ಇರಬೇಕು.